ಒದ್ದೆ ರಚ್ಚು

ಕೀಲಾರದ ಆಚೆ, ನಾಲೆ ಏರಿಯ ಮಗ್ಗುಲ ಆಲೆಮನೆಯಲ್ಲಿ
ಸೋದರತ್ತೆ ಹೊಂಬಾಳಮ್ಮ ಮೂವತ್ತೊಂದು ವರ್ಷ ರಚ್ಚು ಹರವಿದಳು.
ಗಾಣ ಉಗಿದ ಕಬ್ಬಿನ ಸಿಪ್ಪೆ.
ಬೆಳಿಗ್ಗೆ ಹರವು, ಮಧ್ಯಾಹ್ನ ಮಗುಚು, ಸಂಜೆ ಬಾಚು,
ನಾಳೆ ಒಲೆಗೆ.
ಸೌದೆ ಕೊಂಡದ್ದೇ ಇಲ್ಲ ಆ ಆಲೆಮನೆ.
ಕಬ್ಬಿನ ಹಾಲು ಕುದಿಯುವುದು
ಕಬ್ಬಿನದೇ ಸಿಪ್ಪೆಯ ಉರಿಯಲ್ಲಿ.

ನಾನು ಮೈಸೂರಿನಲ್ಲಿ, ಕತ್ತಲೆ ಕೋಣೆಯಲ್ಲಿ,
ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟು ಹಸಿರು ಚುಕ್ಕಿ ಎಣಿಸುವವಳು.
ಚುಕ್ಕಿ ಅಂದರೆ ಚೀಲ.
ಹಳತಾದದ್ದು, ಮುರಿದದ್ದು, ಮಡಿಕೆ ತಪ್ಪಿದ ಪ್ರೋಟೀನು,
ಎಲ್ಲವನ್ನೂ ಜೀವಕೋಶ ಪೊರೆಯಲ್ಲಿ ಗಂಟು ಕಟ್ಟಿ
ಹುಳಿಯ ಕೋಣೆಗೆ ಹೊತ್ತು, ಕರಗಿಸಿ,
ಮತ್ತೆ ತಾನೇ ಉಣ್ಣುತ್ತದೆ.
ಪುಸ್ತಕ ಇದನ್ನು ಸ್ವಭಕ್ಷಣೆ ಅನ್ನುತ್ತದೆ.
ಅತ್ತೆ ನಕ್ಕಾಳು: ಇದ್ಕೂ ಒಂದು ಹೆಸ್ರಾ?

ಈಗ ಅವಳ ಮೇದೋಜೀರಕದಲ್ಲಿ ಒಂದು ಗೆಡ್ಡೆ,
ಮೂರು ಸೆಂಟಿಮೀಟರ್ ಚಿಲ್ಲರೆ.
ಹನ್ನೊಂದು ದಿನದಿಂದ ಬರೀ ಮಜ್ಜಿಗೆ ನೀರು;
ಉಪವಾಸ ಬಿದ್ದರೆ ಅದು ಸಾಯುತ್ತದೆಂದು
ಬಸ್ಸಿನಲ್ಲಿ ಯಾರೋ ಹೇಳಿದರಂತೆ.
"ಮೇವಿಲ್ದೆ ಎಷ್ಟ್ ದಿನ ಬದುಕ್ತದೆ ಮಗಾ, ನೀನೇ ಹೇಳು."

ಹೇಳಲು ಬಾಯಿ ಬರಲಿಲ್ಲ.
ಮೊದಮೊದಲು ಆ ಗುಡಿಸುವ ಕೆಲಸವೇ ಕಾವಲು,
ಕಸ ನಿಂತ ಮನೆಗೇ ಕಿಡಿ ಬೀಳುವುದು.
ಆಮೇಲೆ, ಗೆಡ್ಡೆ ಬಲಿತ ಮೇಲೆ,
ರಕ್ತನಾಳ ತಲುಪದ ಅದರ ಒಳಮೂಲೆಗಳಲ್ಲಿ
ಅದೇ ಚೀಲ, ಅದೇ ಹುಳಿ,
ಕಳ್ಳನಿಗೆ ಅಡುಗೆ ಮಾಡಿ ಬಡಿಸುತ್ತದೆ.
ನಾನೂ ಒಮ್ಮೆ ತಟ್ಟೆಯಲ್ಲಿ ಅವನ್ನು ಹಸಿವಿಗಿಟ್ಟು ಕಾದಿದ್ದೆ.
ಮರುದಿನ ಚುಕ್ಕಿ ಎರಡರಷ್ಟು.
ತಪ್ಪೆಣಿಸಿದೆನೆಂದು ಮತ್ತೆ ಎಣಿಸಿದೆ.

ಇಷ್ಟನ್ನು ತಡವರಿಸಿ ಹೇಳಿದ್ದೇ ತಡ,
ಅತ್ತೆ ಎಲೆಯಡಿಕೆ ಉಗಿದು ಬಂದು ಕೂತಳು:
"ಒಂದ್ ವರ್ಸ ಏಳ್ ದಿನ ಸೋನೆ ಹಿಡೀತು.
ಒಣಗಿದ್ ರಚ್ಚೆಲ್ಲ ಮುಗುದೋಯ್ತು. ಕೊಪ್ಪರಿಗೆ ತುಂಬ ಹಾಲು.
ಸೂರಿನ ಸೋಗೆನೇ ಕಿತ್ ಒಲೆಗಾಕುದ್ವಿ ಕಣವ್ವ.
ಬೆಲ್ಲ ಆಯ್ತು. ತಲೆ ಮ್ಯಾಲೆ ಸೂರಿರ್ನಿಲ್ಲ."

ಆರಿಸಬೇಕು ಅಂದರೆ, ಅತ್ತೆ?

"ಕಬ್ಬು ತಡುದ್ರೆ ಆರಲ್ಲ. ರಚ್ಚು ನೆನೆಸ್ಬೇಕು.
ಒದ್ದೆ ರಚ್ಚು ಒಲೆ ಬಾಯ್ನೇ ಕಟ್ತದೆ. ಬರೀ ಹೊಗೆ."

ಆರು ವರ್ಷ ಓದಿದ್ದು ನಾನು.

ಇದೆ, ಹಳೆಯದೊಂದು ಗುಳಿಗೆ, ಆ ಹುಳಿಯನ್ನು ಸಪ್ಪೆ ಮಾಡುವುದು.
ಅವಳು ಹುಡುಗಿಯಾಗಿದ್ದಾಗ ಚಳಿಜ್ವರಕ್ಕೆ
ಮನೆಮನೆಗೆ ಹಂಚುತ್ತಿದ್ದ ಕಹಿಯ ಸಂತತಿ.
ಚೀಲಗಳು ಕರಗದೆ ಒಂದರ ಮೇಲೊಂದು ಬಿದ್ದು
ಜೀವಕೋಶ ಊದಿ ಉಸಿರು ಕಟ್ಟುತ್ತದೆ.
ತಟ್ಟೆಯಲ್ಲಿ ಹೌದು.
ಮನುಷ್ಯರಲ್ಲಿ ಇನ್ನೂ ಅರ್ಧ ಮಾತು:
ಕೆಲವರಿಗೆ ಕೆಲವು ತಿಂಗಳು, ಹಲವರಿಗೆ ಏನೂ ಇಲ್ಲ.
ಮತ್ತೆ, ಒಳ್ಳೆಯ ಮನೆಗಳ ಒಲೆಯೂ ಅದೇ ಒಲೆಯಲ್ಲವೆ.

"ನಂಗ್ ಕೊಟ್ಟಾರಾ?"
ಗೊತ್ತಿಲ್ಲ, ಅತ್ತೆ. ಡಾಕ್ಟರನ್ನು ಕೇಳೋಣ.
"ಗೊತ್ತಿಲ್ಲ ಅನ್ನಕ್ಕೆ ಅಷ್ಟ್ ದೂರ ಓದ್ಬೇಕಾ," ಅಂದು
ಅರ್ಧ ಮುದ್ದೆ ತಟ್ಟೆಗೆ ಹಾಕಿಕೊಂಡಳು.
ಉಪ್ಸಾರಿನ ಖಾರಕ್ಕೆ ಅವಳ ಕಣ್ಣಲ್ಲಿ ನೀರು.
ಖಾರಕ್ಕೇ ಇರಬೇಕು.

ಹೊರಗೆ ರಸ್ತೆಯುದ್ದಕ್ಕೂ ಯಾರೋ ಹರವಿದ ರಚ್ಚು,
ಕುಂತಿಬೆಟ್ಟದ ಕಡೆಯಿಂದ ಕಪ್ಪಗೆ ಮೋಡ.
"ಇವತ್ತೊಂದಿನ ನೆನೀಲಿ ಬುಡು," ಅಂದಳು, ಕೈ ತೊಳೆಯುತ್ತ.
ಮೊದಲ ಹನಿ ಬಿದ್ದದ್ದೇ ಎದ್ದಳು,
ಸೆರಗು ಬಿಗಿದು, ಹೊಟ್ಟೆ ಹಿಡಿದು, ಟಾರ್ಪಾಲಿನ ಒಂದು ತುದಿಗೆ.
"ನೋಡ್ತಾ ನಿಂತಿದ್ದೀಯಲ್ಲ, ಆ ಮೂಲೆ ಎಳಿ."

ಎಳೆದೆ.